ಹವಳಕ್ಕೆ ಸುಣ್ಣ ಉಣಿಸಿದ ಮಳೆಗಾಲ

1991ರ ಜೂನ್ ತಿಂಗಳು. ಆಗ ನಾನು ಜೋಗೇಶ್ವರಿಯ ಒಂದು ವಾಟರ್ ಟ್ರೀಟ್‌ಮೆಂಟ್ ಕಂಪನಿಯಲ್ಲಿ ಸೀನಿಯರ್ ಕೆಮಿಸ್ಟ್ ಆಗಿದ್ದೆ. ಮೈಸೂರಿನಲ್ಲಿ ಎಂ.ಎಸ್ಸಿ. ಮುಗಿಸಿ ಮುಂಬಯಿಗೆ ಬಂದು ಹದಿನಾಲ್ಕು ವರ್ಷವಾಗಿತ್ತು. ಸಯನ್‌ನಲ್ಲಿ ಮನೆ, ದಾದರಿನಲ್ಲಿ ಲೋಕಲ್ ಬದಲಾವಣೆ, ಕೈಯಲ್ಲಿ ಸದಾ ಒಂದು ಟೆಸ್ಟ್ ಕಿಟ್ ಪೆಟ್ಟಿಗೆ. ನನ್ನ ಕೆಲಸವನ್ನು ಒಂದೇ ಮಾತಿನಲ್ಲಿ ಹೇಳುವುದಾದರೆ, ನೀರಿನಿಂದ ಸುಣ್ಣ ತೆಗೆಯುವುದು. ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಹೆಚ್ಚಿದ್ದರೆ ಅದನ್ನು ಗಡಸು ನೀರು ಅನ್ನುತ್ತೇವೆ. ಅಂಥ ನೀರು ಬಾಯ್ಲರಿನೊಳಗೆ ಹೋದರೆ ಕೊಳವೆಗಳಲ್ಲಿ ಕಲ್ಲು ಕಟ್ಟುತ್ತದೆ. ಗಿರಣಿ, ಔಷಧಿ ಕಾರ್ಖಾನೆ, ಹೋಟೆಲ್ಲು ಎಲ್ಲ ಕಡೆ ಓಡಾಡಿ ಆ ಕಲ್ಲು ಕಟ್ಟದಂತೆ ನೋಡಿಕೊಳ್ಳುವುದೇ ನನ್ನ ಹೊಟ್ಟೆಪಾಡು. ಗಡಸುತನ ಸೊನ್ನೆ ಎಂದು ಬಂದರೆ ಆ ದಿನ ನನಗೆ ಹಬ್ಬ.

ಜುಹೂ ಕಡೆಯ ಒಂದು ಹೋಟೆಲಿನ ಬಾಯ್ಲರ್ ನಮ್ಮ ಉಸ್ತುವಾರಿಯಲ್ಲಿತ್ತು. ಒಂದು ಬೆಳಿಗ್ಗೆ ನಮ್ಮ ಮಾಲೀಕ ಗೋಖಲೆ ಸಾಹೇಬರು ನನ್ನನ್ನು ಕರೆದು, ಆ ಹೋಟೆಲಿನ ಲಾಬಿಯಲ್ಲಿರುವ ಮೀನಿನ ತೊಟ್ಟಿಯ ನೀರನ್ನೂ ಒಮ್ಮೆ ನೋಡಿ ಬಾ ಎಂದರು. ಮೀನಿನ ತೊಟ್ಟಿ ಅಂದಾಗ ನನಗೆ ಒಳಗೊಳಗೇ ನಗು ಬಂತು. ಹದಿನೈದು ಟನ್ನಿನ ಬಾಯ್ಲರ್ ನೋಡುವವನಿಗೆ ಇದೆಂಥ ಕೆಲಸ ಎಂದುಕೊಂಡೇ ಹೋದೆ.

ಹೋಗಿ ನೋಡಿದರೆ ಅದು ಬರೀ ಮೀನಿನ ತೊಟ್ಟಿಯಾಗಿರಲಿಲ್ಲ. ಆರೂವರೆ ಅಡಿ ಉದ್ದ, 1,200 ಲೀಟರ್ ಸಮುದ್ರದ ನೀರು, ಒಳಗೆ ಜೀವಂತ ಹವಳ. ಅಲ್ಲಿಯವರೆಗೆ ಹವಳ ಎಂದರೆ ನನಗೆ ಉಂಗುರದಲ್ಲಿ ಕೂರಿಸುವ ಕೆಂಪು ಮಣಿ ಮಾತ್ರ. ಅದೊಂದು ಪ್ರಾಣಿ, ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ ಮತ್ತು ಕಾರ್ಬೊನೇಟನ್ನು ಹೀರಿಕೊಂಡು ತನ್ನ ಎಲುಬಿನ ಗೂಡನ್ನು ತಾನೇ ಕಟ್ಟಿಕೊಳ್ಳುತ್ತದೆ ಎಂದು ಗೊತ್ತಾಗಿದ್ದು ಅವತ್ತು. ಹೇಳಿದವರು ಆ ತೊಟ್ಟಿಯನ್ನು ನೋಡಿಕೊಳ್ಳುತ್ತಿದ್ದ ವಿಶ್ವನಾಥ ಕರ್ಕೇರ. ಮಲ್ಪೆ ಕಡೆಯವರು, ವಯಸ್ಸು ಐವತ್ತರ ಹತ್ತಿರ. ವರ್ಸೋವಾದಲ್ಲಿ ಮೀನು ದೋಣಿಗಳಲ್ಲಿ ದುಡಿದು, ಬೆನ್ನು ನೋವು ಬಂದ ಮೇಲೆ ಈ ಕೆಲಸಕ್ಕೆ ಸೇರಿದ್ದರು. ಕುರ್ಲಾದ ಒಂದು ಚಾಳಿನಲ್ಲಿ, ಒಂಟಿ ಕೋಣೆಗಳ ವಠಾರದಲ್ಲಿ, ಮನೆ. ನಾನು ಕನ್ನಡದವನು ಎಂದು ತಿಳಿದ ಕೂಡಲೇ ಅವರ ಮುಖ ಅರಳಿತು.

“ಇದು ಸಾಯ್ತಾ ಉಂಟು ಸರ್,” ಎಂದು ಕವಲೊಡೆದ ಒಂದು ಹವಳವನ್ನು ತೋರಿಸಿದರು. “ಪ್ರತಿ ಮಳೆಗಾಲದಲ್ಲೂ ಹೀಗೇ. ಈ ವರ್ಷ ಜಾಸ್ತಿ. ಇದಕ್ಕೆ ಸುಣ್ಣ ಸಾಲುದಿಲ್ಲ. ನಾನು ಹೇಳಿದ್ರೆ ಯಾರೂ ಕೇಳುದಿಲ್ಲ.”

ಹೋಟೆಲಿನ ಮ್ಯಾನೇಜರ್ ಖನ್ನಾ ಎಂಬವರು. ಆಗಸ್ಟ್ 15ಕ್ಕೆ ಹೋಟೆಲಿನ ಹೊಸ ವಿಂಗ್ ತೆರೆಯುವುದಿತ್ತು. ಅಷ್ಟರೊಳಗೆ ತೊಟ್ಟಿ ಸರಿಹೋಗದಿದ್ದರೆ ಸಮುದ್ರದ ನೀರೆಲ್ಲ ಚೆಲ್ಲಿ, ನಲ್ಲಿ ನೀರು ತುಂಬಿ, ಗೋಲ್ಡ್ ಫಿಶ್ ಬಿಡುವುದೆಂದು ಅವರು ಆಗಲೇ ತೀರ್ಮಾನಿಸಿದ್ದರು. ಗೋಲ್ಡ್ ಫಿಶ್‌ಗೆ ಬೇರೆ ಆಳು ಬೇಡ, ಹೌಸ್‌ಕೀಪಿಂಗ್‌ನವರೇ ಕಾಳು ಹಾಕುತ್ತಾರೆ, ಹಾಗಾಗಿ ಕರ್ಕೇರರ ಹುದ್ದೆಯೂ ಬೇಡ ಎಂದು ಕರ್ಕೇರರ ಎದುರಿಗೇ ನನಗೆ ಇಂಗ್ಲಿಷಿನಲ್ಲಿ ವಿವರಿಸಿದರು. ಕರ್ಕೇರರಿಗೆ ಅಷ್ಟು ಇಂಗ್ಲಿಷ್ ಅರ್ಥವಾಗುತ್ತಿತ್ತು ಎಂಬುದು ನನಗೆ ಆಮೇಲೆ ತಿಳಿಯಿತು.

ನಾನು ಕಿಟ್ ಬಿಚ್ಚಿ ಟೆಸ್ಟ್ ಮಾಡಿದೆ. ಗಡಸುತನ 6,300 ಪಿ.ಪಿ.ಎಂ. ಬಂತು. ಅಂದರೆ ಹತ್ತು ಲಕ್ಷ ಭಾಗ ನೀರಿನಲ್ಲಿ 6,300 ಭಾಗ. ನನ್ನ ಜೀವಮಾನದಲ್ಲಿ ಅಂಥ ಸಂಖ್ಯೆ ನೋಡಿರಲಿಲ್ಲ. ನೂರು ಬಂದರೇ ನಾನು ಬಾಯ್ಲರ್ ನಿಲ್ಲಿಸಿಬಿಡುವವನು. ಎರಡನೆಯ ಟೆಸ್ಟು ಆಲ್ಕಲಿನಿಟಿ, ಅಂದರೆ ನೀರಿನಲ್ಲಿ ಕರಗಿರುವ ಕಾರ್ಬೊನೇಟಿನ ಅಳತೆ. ಅದು 45 ಬಂತು. ಬಾಯ್ಲರಿನ ಲೆಕ್ಕದಲ್ಲಿ ಅದು ಸುಖವಾದ ಅಂಕಿ. ಆಫೀಸಿಗೆ ಬಂದವನೇ ಲೆಟರ್‌ಹೆಡ್ಡಿನ ಮೇಲೆ ವರದಿ ಟೈಪ್ ಮಾಡಿಸಿದೆ: ನೀರಿನಲ್ಲಿ ಕ್ಯಾಲ್ಸಿಯಂ ಕೊರತೆ ಇಲ್ಲ, ಬೇಕಾದಷ್ಟು ಇದೆ, ಆಲ್ಕಲಿನಿಟಿ ಸಮಾಧಾನಕರ, ತೊಂದರೆ ಇದ್ದರೆ ಅದು ನಿರ್ವಹಣೆಯದು. ಆ ಕೊನೆಯ ಮಾತನ್ನು ಬರೆಯುವ ಅಗತ್ಯವೇ ಇರಲಿಲ್ಲ. ವರದಿ ತುಂಬಿಕೊಂಡ ಹಾಗೆ ಕಾಣಲಿ ಎಂದು ಬರೆದೆ.

ಒಂದು ವಾರ ಬಿಟ್ಟು ಬಾಯ್ಲರಿನ ಕೆಲಸಕ್ಕೆ ಹೋದಾಗ ಕರ್ಕೇರ ಬಾಯ್ಲರ್ ರೂಮಿನ ಬಾಗಿಲಲ್ಲಿ ಕಾಯುತ್ತಿದ್ದರು. ಕೈಯಲ್ಲಿ ಐದು ಲೀಟರಿನ ಒಂದು ಕ್ಯಾನು. ದನಿಯಲ್ಲಿ ಸಿಟ್ಟಿರಲಿಲ್ಲ.

“ಸರ್, ಇದು ಮೇ ತಿಂಗಳಲ್ಲಿ ನಮ್ಮವರ ದೋಣಿ ದೂರ ಹೋದಾಗ ತಂದ ನೀರು. ಕತ್ತಲೆಯಲ್ಲಿ ಮುಚ್ಚಿ ಇಟ್ಟಿದ್ದೆ. ನಿಮ್ಮ ಆ ಬಾಟಲಿಯಲ್ಲಿ ಇದನ್ನೂ ಒಂದ್ಸಲ ನೋಡ್ತೀರಾ? ಒಳ್ಳೆ ಸಮುದ್ರಕ್ಕೆ ಎಷ್ಟು ಬರ್ತದೆ ಅಂತ ನಮಗೆ ಗೊತ್ತಾಗಬೇಕಲ್ಲ.”

ಆ ಮಾತು ಕೇಳಿ ನನ್ನ ಕಿವಿ ಬಿಸಿಯಾಯಿತು. ಹೋಲಿಕೆಗೆ ಒಂದು ಸರಿಯಾದ ಮಾದರಿ ಇಟ್ಟುಕೊಳ್ಳಬೇಕು ಎನ್ನುವುದು ಬಿ.ಎಸ್ಸಿ. ಮೊದಲ ವರ್ಷದ ಪಾಠ. ಅದನ್ನು ನನಗೆ ದೋಣಿಯಲ್ಲಿ ದುಡಿದಿದ್ದ ಕರ್ಕೇರ ಹೇಳಿಕೊಡಬೇಕಾಯಿತು. ಅಲ್ಲೇ ಕಬ್ಬಿಣದ ಮೇಜಿನ ಮೇಲೆ ಎರಡೂ ನೀರನ್ನು ಅಕ್ಕಪಕ್ಕ ಇಟ್ಟು ಟೆಸ್ಟ್ ಮಾಡಿದೆ. ಸಮುದ್ರದ ನೀರಿನ ಗಡಸುತನ 6,400, ತೊಟ್ಟಿಯದು 6,300. ಹೆಚ್ಚುಕಡಿಮೆ ಒಂದೇ. ಯಾಕೆಂದರೆ ಸಮುದ್ರದ ಗಡಸುತನದಲ್ಲಿ ಬಹುಪಾಲು ಮೆಗ್ನೀಸಿಯಂ. ಹವಳಕ್ಕೆ ಬೇಕಾದ ಕ್ಯಾಲ್ಸಿಯಂ ಅದರಲ್ಲಿ ಸ್ವಲ್ಪವೇ. ಆದರೆ ಆಲ್ಕಲಿನಿಟಿ? ಸಮುದ್ರದ್ದು 120. ತೊಟ್ಟಿಯದು ಅದೇ 45. ನಾನು ‘ಸಮಾಧಾನಕರ’ ಎಂದು ಹೊಗಳಿದ್ದ ಅಂಕಿ ಅದು. ಇಟ್ಟಿಗೆ ರಾಶಿ ಬಿದ್ದಿದೆ, ಸಿಮೆಂಟು ಮುಗಿದುಹೋಗಿದೆ, ನಾನು ಇಟ್ಟಿಗೆ ಎಣಿಸಿ ಮನೆ ಕಟ್ಟಬಹುದು ಎಂದು ಸರ್ಟಿಫಿಕೇಟು ಕೊಟ್ಟಿದ್ದೆ.

“ಕರ್ಕೇರ ಅವರೇ, ತಪ್ಪು ನನ್ನದು. ನೀವು ಹೇಳಿದ್ದೇ ಸರಿ,” ಎಂದೆ. ಅವರು ಕ್ಯಾನಿನ ಮುಚ್ಚಳ ಹಾಕಿದರು.

ಗೋಖಲೆ ಸಾಹೇಬರಿಗೆ ವರದಿ ವಾಪಸ್ ತೆಗೆದುಕೊಳ್ಳುತ್ತೇನೆ ಎಂದಾಗ ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಕಂಪನಿ ಶುರುವಾದ ಮೇಲೆ ಒಂದು ವರದಿಯನ್ನೂ ವಾಪಸ್ ಪಡೆದಿಲ್ಲ ಎಂದರು. ಆಮೇಲೆ ಕನ್ನಡಕ ಮತ್ತೆ ಏರಿಸಿ, “ತಪ್ಪು ಅಂತ ಬರೆದ ಮೇಲೆ ಸರಿಮಾಡಿ ಕೊಡಲೇಬೇಕು, ಕಾಯ್, ಏನಂತೀ?” ಎಂದರು. ನಾನು ಹೂಂ ಅಂದೆ. ಹೋಟೆಲಿಗೆ ಎರಡನೆಯ ಪತ್ರ ಹೋಯಿತು: ಹಿಂದಿನ ವರದಿ ತಪ್ಪು, ನಿರ್ವಹಣೆಯಲ್ಲಿ ದೋಷವಿಲ್ಲ, ಆಗಸ್ಟ್ 15ರೊಳಗೆ ಪರಿಹಾರ ನಾವು ಮಾಡಿಕೊಡುತ್ತೇವೆ. ಖನ್ನಾ ಓದಿ, ತಾರೀಖು ಮಾತ್ರ ಬದಲಾಗುವುದಿಲ್ಲ ಎಂದರು. ನಮ್ಮ ಕೈಯಲ್ಲಿ ಆರು ವಾರ ಇತ್ತು.

ಮೊದಲು ಕಾಯಿಲೆ ಮಳೆಗಾಲಕ್ಕೇ ಯಾಕೆ ಬರುತ್ತದೆ ಎಂದು ಅರ್ಥ ಮಾಡಿಕೊಳ್ಳಬೇಕಿತ್ತು. ಎಲ್ಲ ಮಾಹಿತಿಯೂ ಕರ್ಕೇರರ ನೋಟ್‌ಬುಕ್ಕಿನಲ್ಲಿತ್ತು. ಕೇಳುವವರು ಇರಲಿಲ್ಲ ಅಷ್ಟೆ. ಅವರು ದಿನವೂ ತೊಟ್ಟಿಗೆ ಸುಣ್ಣದ ತಿಳಿನೀರು ಹಾಕುತ್ತಿದ್ದರು. ಆದರೆ ಆವಿಯಾಗಿ ಹೋದಷ್ಟು ನೀರಿಗೆ ಬದಲಾಗಿ ಮಾತ್ರ ಹಾಕಬಹುದು. ಹೆಚ್ಚು ಹಾಕಿದರೆ ಉಪ್ಪಿನ ಅಂಶ ಇಳಿದುಬಿಡುತ್ತದೆ. ಆ ಲಾಬಿ ಎರಡೂ ಕಡೆ ತೆರೆದದ್ದು, ನೀರು ತಂಪಾಗಿರಲೆಂದು ಮೇಲೆ ಎರಡು ಫ್ಯಾನು. ಮೇ ತಿಂಗಳಲ್ಲಿ ದಿನಕ್ಕೆ 15 ಲೀಟರ್ ಆವಿಯಾದರೆ, ಗಾಳಿಯೇ ಒದ್ದೆಯಾಗಿರುವ ಜುಲೈಯಲ್ಲಿ 5 ಲೀಟರ್. ಸುಣ್ಣ ಮೂರನೇ ಒಂದು ಪಾಲಿಗೆ ಇಳಿಯಿತು. ಅದರ ಮೇಲೆ, ತೊಟ್ಟಿಯ ನೀರು ಬದಲಿಸಲು ಹೊಸ ನೀರು ಬರುತ್ತಿದ್ದುದು ವರ್ಸೋವಾದ ದೋಣಿಗಳಿಂದ. ಮಳೆ ಶುರುವಾದರೆ ದೋಣಿಗಳು ದಡಕ್ಕೆ. ಶ್ರಾವಣದ ನಾರಳಿ ಪೂರ್ಣಿಮೆಗೆ ತೆಂಗಿನಕಾಯಿ ಸಮುದ್ರಕ್ಕೆ ಬಿಟ್ಟ ಮೇಲೇ ಮತ್ತೆ ನೀರಿಗೆ. ಅಂದರೆ ಹವಳದ ಎರಡೂ ತುತ್ತು ಒಂದೇ ತಿಂಗಳಲ್ಲಿ ನಿಂತುಹೋಗುತ್ತಿತ್ತು. ಇದು ಹೊಳೆದಾಗ ನಾನು ಕೂತಲ್ಲಿಂದ ಎದ್ದು ಲಾಬಿಯಲ್ಲೇ ಎರಡು ಸುತ್ತು ಹಾಕಿದೆ.

ಕ್ಯಾಲ್ಸಿಯಂ ಕ್ಲೋರೈಡನ್ನು ಒಂದು ಕಡೆ, ಕಾರ್ಬೊನೇಟಿಗೆಂದು ಸೋಡಾವನ್ನು ಇನ್ನೊಂದು ಕಡೆ ಸುರಿಯಬಹುದಲ್ಲ ಎಂದು ಬಕೆಟ್ಟಿನಲ್ಲಿ ಪ್ರಯೋಗ ಮಾಡಿ ನೋಡಿದೆ. ಪ್ರಮಾಣ ಸ್ವಲ್ಪ ಮೀರಿದ್ದಕ್ಕೆ ಬಕೆಟ್ಟಿನ ನೀರೆಲ್ಲ ಹಾಲಿನಂತೆ ಬೆಳ್ಳಗಾಯಿತು. ಕರ್ಕೇರ ಅದನ್ನು ನೋಡಿ, “ಇದು ಬೇಡ ಮಾರಾಯ್ರೆ,” ಎಂದು ಬಕೆಟ್ಟನ್ನೇ ತೊಟ್ಟಿಯಿಂದ ದೂರ ಒಯ್ದರು. ವಾಪಸ್ ಬರುವಾಗ ಅವರ ಕೈಯಲ್ಲಿ ಹೋಟೆಲಿನ ನೋಟ್‌ಪ್ಯಾಡಿನ ಒಂದು ಹಾಳೆ ಇತ್ತು. ಎರಡು ವರ್ಷದ ಹಿಂದೆ ಹೋಟೆಲಿಗೆ ಬಂದಿದ್ದ ಒಬ್ಬ ಜರ್ಮನ್ ಅತಿಥಿ, ತನ್ನ ಊರಿನಲ್ಲಿ ಹೀಗೆ ಮಾಡುತ್ತಾರೆ ಎಂದು ಪೆನ್ಸಿಲಿನಲ್ಲಿ ಚಿತ್ರ ಬರೆದುಕೊಟ್ಟು ಹೋಗಿದ್ದ. ಒಂದು ಕೊಳವೆ, ಅದರ ತುಂಬ ಕಲ್ಲಿನ ಚೂರು, ಕೆಳಗಿನಿಂದ ಇಂಗಾಲಾಮ್ಲದ, ಅಂದರೆ ಸೋಡಾ ನೀರಿಗೆ ತುಂಬುವ ಅನಿಲದ ಗುಳ್ಳೆ, ಮೇಲಿಂದ ತೊಟ್ಟಿಕ್ಕುವ ನೀರು. ಕೆಳಗೆ ಇಂಗ್ಲಿಷಿನಲ್ಲಿ ‘ಕ್ಯಾಲ್ಸಿಯಂ ರಿಯಾಕ್ಟರ್’ ಎಂದು ಬರೆದಿತ್ತು.

ಆ ಹಾಳೆ ನೋಡಿ ನನಗಾದ ಸಂತೋಷವನ್ನು ಹೇಗೆ ಹೇಳಲಿ. ಅದು ನಾನು ನೂರಾರು ಕಡೆ ಕೂರಿಸಿದ್ದ, ನೀರಿನ ಸುಣ್ಣ ತೆಗೆಯುವ ಸಾಫ್ಟನರ್ ಯಂತ್ರವೇ, ತಿರುಗಾಮುರುಗಾ. ಮಳೆನೀರು ಗಾಳಿಯ, ಮಣ್ಣಿನ ಇಂಗಾಲಾಮ್ಲವನ್ನು ಹೀರಿ ಸ್ವಲ್ಪ ಹುಳಿಯಾಗಿ, ಸುಣ್ಣಕಲ್ಲನ್ನು ಕರಗಿಸಿಕೊಂಡು ಬೋರ್‌ವೆಲ್ಲಿಗೆ ಬರುತ್ತದೆ. ಗಡಸು ನೀರು ಹುಟ್ಟುವುದೇ ಹಾಗೆ. ಅದನ್ನು ಕೊಳವೆಯೊಳಗೆ ಬೇಕೆಂದೇ ಮಾಡಿಸುವುದು ಈ ಉಪಾಯ. ಕರಗಿ ಬರುವ ನೀರಿನಲ್ಲಿ ಕ್ಯಾಲ್ಸಿಯಂ, ಕಾರ್ಬೊನೇಟ್ ಎರಡೂ ಹವಳಕ್ಕೆ ಬೇಕಾದ ಪ್ರಮಾಣದಲ್ಲೇ ಇರುತ್ತವೆ. ಆವಿಯಾಗುವುದಕ್ಕೆ ಕಾಯಬೇಕಿಲ್ಲ, ದೋಣಿಗೂ ಕಾಯಬೇಕಿಲ್ಲ. ಹದಿನಾಲ್ಕು ವರ್ಷ ಯಾವುದರ ಮೇಲೆ ಯುದ್ಧ ಮಾಡಿದ್ದೆನೋ ಅದನ್ನೇ ಈಗ ಕರೆತರಬೇಕಿತ್ತು.

ಆಗ ಮುಂಬಯಿಯಲ್ಲಿ ಇದನ್ನು ಮಾರುವವರು ನನಗೆ ಯಾರೂ ಸಿಗಲಿಲ್ಲ, ಹಾಗಾಗಿ ನಾವೇ ಕಟ್ಟಿದೆವು. ಜೋಗೇಶ್ವರಿಯ ಒಂದು ವರ್ಕ್‌ಶಾಪಿನಲ್ಲಿ ಆರು ಇಂಚು ಅಗಲ, ಎರಡು ಅಡಿ ಎತ್ತರದ ಅಕ್ರಿಲಿಕ್ ಕೊಳವೆ ಮಾಡಿಸಿದೆ. ಹಿತ್ತಾಳೆ ಭಾಗ ಇಲ್ಲದ ಒಂದು ಸಣ್ಣ ಪಂಪು ಹುಡುಕಿದೆ. ತಾಮ್ರದ ಅಂಶ ನೀರಿಗಿಳಿದರೆ ಹವಳಕ್ಕೆ ವಿಷ. ಇಂಗಾಲಾಮ್ಲದ ಸಿಲಿಂಡರ್ ಕುರ್ಲಾದ ಒಂದು ಸೋಡಾ ಫ್ಯಾಕ್ಟರಿಯಿಂದ ಬಂತು. ಆಟೋದಲ್ಲಿ ನಾನು, ಕರ್ಕೇರ, ನಡುವೆ ಸಿಲಿಂಡರ್ ಕೂತು ಜುಹೂವರೆಗೆ ಮೂರು ಜನರ ಹಾಗೆ ಪ್ರಯಾಣ ಮಾಡಿದೆವು. ನಿಮಿಷಕ್ಕೆ ಎಷ್ಟು ಗುಳ್ಳೆ ಹೋಗುತ್ತಿದೆ ಎಂದು ಎಣಿಸಲು ಒಂದು ಸಾಧನ ಬೇಕಿತ್ತು. ಅದನ್ನು ಸಯನ್‌ನ ಔಷಧಿ ಅಂಗಡಿಯಲ್ಲಿ ಕೊಂಡೆ: ಆಸ್ಪತ್ರೆಯಲ್ಲಿ ಸಲೈನ್ ಏರಿಸುವ ಡ್ರಿಪ್ ಸೆಟ್. ಎರಡು ತೆಗೆದುಕೊಂಡೆ, ಒಂದು ಗುಳ್ಳೆಗೆ, ಇನ್ನೊಂದು ಹೊರಬರುವ ನೀರಿನ ಹನಿಗೆ. ಮನೆಯಲ್ಲಿ ಯಾರಿಗೆ ಹುಷಾರಿಲ್ಲ ಎಂದು ಅಂಗಡಿಯವನು ಕೇಳಿದ. ಹವಳಕ್ಕೆ ಎಂದೆ. ಅವನು ಚಿಲ್ಲರೆ ಎಣಿಸಿ ಕೊಟ್ಟ.

ಉಳಿದದ್ದು ಕೊಳವೆಗೆ ತುಂಬುವ ಕಲ್ಲು. ನಾನು ಅಮೃತಶಿಲೆಯ ಚೂರು ತಂದಿದ್ದೆ. ಅದೂ ಕ್ಯಾಲ್ಸಿಯಂ ಕಾರ್ಬೊನೇಟೇ, ಪುಸ್ತಕದ ಪ್ರಕಾರ ಕೆಲಸ ಮಾಡಬೇಕು. ಕರ್ಕೇರ ಅಡುಗೆಮನೆಯಿಂದ ವಿನೆಗರ್ ತರಿಸಿ ಎರಡು ಲೋಟದಲ್ಲಿ ಹಾಕಿದರು. ಒಂದರಲ್ಲಿ ನನ್ನ ಅಮೃತಶಿಲೆ, ಇನ್ನೊಂದರಲ್ಲಿ ಅವರ ಜೇಬಿನಿಂದ ತೆಗೆದ ಒಂದು ಬಿಳಿ ತುಂಡು. ಅಮೃತಶಿಲೆ ಅಲ್ಲೊಂದು ಇಲ್ಲೊಂದು ಗುಳ್ಳೆ ಬಿಟ್ಟಿತು. ಬಿಳಿ ತುಂಡು ಬುಸುಬುಸು ನೊರೆಯಾಯಿತು.

“ಇದೆಂಥದು?” ಎಂದು ಕೇಳಿದೆ.

“ಸತ್ತವು,” ಎಂದರು. “ಐದು ವರ್ಷದಲ್ಲಿ ಇಲ್ಲಿ ಸತ್ತವನ್ನೆಲ್ಲ ಒಂದು ಗೋಣಿಯಲ್ಲಿ ಇಟ್ಟಿದ್ದೇನೆ ಸರ್. ಬಿಸಾಡ್ಲಿಕ್ಕೆ ಮನಸ್ಸು ಬರಲಿಲ್ಲ.”

ಆ ಗೋಣಿಯ ಹವಳದ ಎಲುಬುಗಳನ್ನು ತೊಳೆದು, ಒಣಗಿಸಿ, ಕಡಲೆಕಾಯಿ ಗಾತ್ರಕ್ಕೆ ಒಡೆದು ತುಂಬಿದೆವು. ಹವಳಕ್ಕೆ ಹವಳದ ಎಲುಬಿಗಿಂತ ಒಳ್ಳೆಯ ಆಹಾರವನ್ನು ಯಾವ ಕೆಮಿಸ್ಟೂ ತಯಾರಿಸಲಾರ. ಒಡೆಯುವ ಕೆಲಸವನ್ನು ಕರ್ಕೇರ ಬೇರೆಯವರಿಗೆ ಕೊಡಲಿಲ್ಲ.

ಜುಲೈ 10ರಂದು ಬೆಳಿಗ್ಗೆ ವಾಲ್ವ್ ತೆರೆದೆವು. ಒಳಗಿನ ನೀರು ಹುಳಿಯಾಗಿ ಪಿ.ಎಚ್. 6.5ಕ್ಕೆ ಇಳಿಯಲು ನಾಲ್ಕು ಗಂಟೆ ಬೇಕಾಯಿತು. ಮಧ್ಯಾಹ್ನ ಹೊರಬಂದ ಮೊದಲ ಲೋಟ ನೀರನ್ನು ಟೆಸ್ಟ್ ಮಾಡಿದೆ. ಆಲ್ಕಲಿನಿಟಿ 560. ಬಾಯ್ಲರಿಗೆ ಅಂಥ ನೀರು ಕಳಿಸಿದ್ದರೆ ನನ್ನ ಕೆಲಸ ಹೋಗುತ್ತಿತ್ತು. ಅವತ್ತು ಮಾತ್ರ ನಾನು ಲಾಬಿಯ ನಡುವೆ ಲೋಟ ಎತ್ತಿ ಹಿಡಿದು ಕುಣಿಯುವುದೊಂದು ಬಾಕಿ. ರಿಸೆಪ್ಷನ್ನಿನ ಹುಡುಗಿಯರು ಎದ್ದು ನೋಡಿದರು. ಕರ್ಕೇರ ನನ್ನ ತೋಳು ಹಿಡಿದು, “ನಿಧಾನ ಸರ್, ಚೆಲ್ತದೆ,” ಎಂದರು.

ಅತ್ಯುತ್ಸಾಹದ ಫಲವೂ ಬೇಗ ಸಿಕ್ಕಿತು. ಬೇಗ ಬೇಗ ಆಗಲಿ ಎಂದು ನಾನು ಗುಳ್ಳೆಯನ್ನು ನಿಮಿಷಕ್ಕೆ 60ಕ್ಕೆ ಏರಿಸಿ ಹೋಗಿದ್ದೆ. ಮೂರನೆಯ ದಿನ ಕರ್ಕೇರರ ಫೋನು ಬಂತು. ಹೋಗಿ ನೋಡಿದರೆ ಹವಳಗಳೆಲ್ಲ ಮುಚ್ಚಿಕೊಂಡಿದ್ದವು. ತೊಟ್ಟಿಯ ಪಿ.ಎಚ್. 8.2 ಇದ್ದದ್ದು 7.7ಕ್ಕೆ ಬಿದ್ದಿತ್ತು. ಕಲ್ಲು ಕರಗಿಸಿ ಮಿಕ್ಕ ಇಂಗಾಲಾಮ್ಲವೆಲ್ಲ ತೊಟ್ಟಿಗೇ ಹೋಗುತ್ತಿತ್ತು. ಉಳಿಸುತ್ತೇನೆ ಎಂದು ಬಂದವನು ನಾನೇ ಮುಗಿಸಿಬಿಟ್ಟೆನೇ ಎನ್ನಿಸಿತು. ಕರ್ಕೇರ ಆಗಲೇ ಕ್ಲಾಂಪ್ ಬಿಗಿ ಮಾಡಿ ಗುಳ್ಳೆಯನ್ನು 20ಕ್ಕೆ ಇಳಿಸಿ, ನನ್ನನ್ನು ದೂರದೆ ನಿಂತಿದ್ದರು. ಹೊರಬರುವ ನೀರನ್ನು ತೂತು ಮಾಡಿದ ಮೂರು ಪ್ಲಾಸ್ಟಿಕ್ ತಟ್ಟೆಗಳ ಮೇಲಿಂದ ಹನಿಹನಿಯಾಗಿ ಬೀಳಿಸಿ, ಗಾಳಿ ತಾಗಿಸಿ, ಆ ಅನಿಲ ಹಾರಿಹೋದ ಮೇಲೆ ತೊಟ್ಟಿಗೆ ಬಿಟ್ಟೆವು. ದೊಡ್ಡ ಪ್ಲಾಂಟುಗಳಲ್ಲಿ ನಾನು ಇದೇ ಕೆಲಸಕ್ಕೆ ಗೋಪುರವನ್ನೇ ಕಟ್ಟಿಸುತ್ತಿದ್ದೆ. ಎರಡು ದಿನದಲ್ಲಿ ಹವಳಗಳು ಮತ್ತೆ ತೆರೆದುಕೊಂಡವು.

ಆಮೇಲೆ ನಾನು ಪ್ರತಿ ದಿನವೂ ಏನಾದರೊಂದು ನೆಪ ಮಾಡಿಕೊಂಡು ಆ ಹೋಟೆಲಿಗೆ ಹೋಗತೊಡಗಿದೆ. ಆಲ್ಕಲಿನಿಟಿ 45ರಿಂದ 60, 75, 90. ಜುಲೈ ಕೊನೆಗೆ 105. ಸಯನ್ ಸ್ಟೇಷನ್ನಿನಲ್ಲಿ ಹಳಿಯ ಮೇಲೆ ನೀರು ನಿಂತು ಲೋಕಲ್ ಬಂದಾದ ದಿನವೂ ಬಸ್ಸು ಹಿಡಿದು, ಅರ್ಧ ನಡೆದು ಹೋಗಿದ್ದೇನೆ. ನನ್ನ ಹೆಂಡತಿ ಆ ತೊಟ್ಟಿಗೆ ಸವತಿ ಎಂದು ಹೆಸರಿಟ್ಟಿದ್ದಳು. ಆಗಸ್ಟ್ 6ರಂದು ಕರ್ಕೇರ ಬಾಗಿಲಲ್ಲೇ ನನ್ನನ್ನು ಹಿಡಿದು, ತೊಟ್ಟಿಯ ಪಕ್ಕಕ್ಕೆ ಎಳೆದುಕೊಂಡು ಹೋಗಿ, ಆ ಕವಲೊಡೆದ ಹವಳದ ತುದಿ ತೋರಿಸಿದರು. ಪ್ರತಿ ಕವಲಿನ ಕೊನೆಗೂ ಉಗುರಿನಂಚಿನಷ್ಟು ಬೆಳ್ಳಗೆ ಹೊಸ ಬೆಳವಣಿಗೆ. ಇಬ್ಬರೂ ಗಾಜಿಗೆ ಮೂಗು ತಾಗಿಸಿ ಎಷ್ಟು ಹೊತ್ತು ನಿಂತಿದ್ದೆವೋ ಗೊತ್ತಿಲ್ಲ.

ಆಗಸ್ಟ್ 15ರಂದು ಖನ್ನಾ ಕೋಟು ಹಾಕಿಕೊಂಡು ಬಂದರು. ತೊಟ್ಟಿಯ ಮುಂದೆ ಎರಡು ನಿಮಿಷ ನಿಂತರು. “ಠೀಕ್ ಹೈ, ರಹನೇ ದೋ,” ಎಂದು ಅತಿಥಿಗಳ ಕಡೆ ಹೊರಟುಹೋದರು. ಆರು ವಾರದ ನಮ್ಮ ಪಾಡಿಗೆ ಸಿಕ್ಕ ತೀರ್ಪು ಅಷ್ಟೇ. ತೊಟ್ಟಿ ಉಳಿಯಿತು, ಕರ್ಕೇರರ ಕೆಲಸವೂ ಉಳಿಯಿತು.

ನಾನು ಹಲ್ಲು ಕಿರಿದುಕೊಂಡು ತೊಟ್ಟಿಯ ಹಿಂದೆ ಹೋದೆ. ಕರ್ಕೇರ ಒಂದು ಡ್ರಮ್ಮಿನ ಮೇಲೆ ಕೂತು ಕಣ್ಣು ಒರೆಸಿಕೊಳ್ಳುತ್ತಿದ್ದರು. ನನ್ನನ್ನು ನೋಡಿ ಏಳಲು ಹೋದವರನ್ನು ಕೂರಿಸಿದೆ.

“ನಿಮ್ಮ ಮೊದಲಿನ ಕಾಗದ ಬಂತಲ್ಲ ಸರ್,” ಎಂದರು, “ಅವತ್ತು ಮನೆಯಲ್ಲಿ ಹೆಂಡತಿಗೆ ಹೇಳಿದ್ದೆ. ನೀರಿನಲ್ಲಿ ಎಂತದೂ ಕೊರತೆ ಇಲ್ಲ, ಇಂಜಿನಿಯರ್ ಬರೆದಿದ್ದಾರೆ, ನಾನೇ ನನ್ನ ಕೈಯಿಂದ ಇವನ್ನೆಲ್ಲ ಕೊಂದದ್ದು ಅಂತ. ಒಂದು ವಾರ ನಾನು ಹಾಗೇ ತಿಳ್ಕೊಂಡಿದ್ದೆ. ಆಮೇಲೆ ಆ ಕ್ಯಾನಿನ ನೀರಿನ ನೆನಪಾಯ್ತು.”

ವರದಿ ಎಂದರೆ ಒಂದು ಫೈಲಿನಿಂದ ಇನ್ನೊಂದು ಫೈಲಿಗೆ ಹೋಗುವ ಕಾಗದ ಎಂದು ಹದಿನಾಲ್ಕು ವರ್ಷ ತಿಳಿದಿದ್ದೆ. ನಾನು ವರದಿ ತುಂಬಲಿ ಎಂದು ಸೇರಿಸಿದ ಒಂದು ಸಾಲು ಕುರ್ಲಾದ ಚಾಳಿನ ಆ ಕೋಣೆಯವರೆಗೂ ಹೋಗಿ, ಒಬ್ಬ ಮನುಷ್ಯನನ್ನು ಅವನ ಹೆಂಡತಿಯ ಎದುರು ತಪ್ಪಿತಸ್ಥನಾಗಿ ನಿಲ್ಲಿಸಿತ್ತು. ಆಮೇಲೆ ಸರ್ವಿಸಿನಲ್ಲಿದ್ದ ಇಪ್ಪತ್ತೆರಡು ವರ್ಷ ನಾನು ನೂರಾರು ವರದಿ ಬರೆದೆ. ಕಿಟ್ ಬಿಚ್ಚುವ ಮೊದಲು ಆ ನೀರಿನ ಹತ್ತಿರ ದಿನವೂ ನಿಲ್ಲುವವರು ಯಾರು ಎಂದು ಕೇಳಿ, ಅವರು ಹೇಳುವುದನ್ನು ಕೂತು ಬರೆದುಕೊಳ್ಳುತ್ತಿದ್ದೆ. ಸಹಿ ಹಾಕುವ ಮೊದಲು ಆ ವರದಿಯನ್ನು ಅವರಿಗೆ ಅವರ ಭಾಷೆಯಲ್ಲಿ ಓದಿ ಹೇಳುತ್ತಿದ್ದೆ.